ಹಿತ್ತಿಲ ಕೊಳ: ಮೀನಿಗಿಂತ ಮೊದಲು ನೀರು ಸಾಕಿ

ಶೃಂಗೇರಿಗೆ ಪ್ರವಾಸ ಹೋದ ಶಾಲಾ ಮಕ್ಕಳು ಮೊದಲು ಓಡುವುದು ತುಂಗೆಯ ಮೆಟ್ಟಿಲುಗಳ ಕಡೆಗೆ. ಒಂದು ಹಿಡಿ ಮಂಡಕ್ಕಿ ಎಸೆದರೆ ಸಾಕು, ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಆ ನೋಟ ಕಂಡು ಬಂದ ಮಕ್ಕಳು ಮನೆಯಲ್ಲಿ ಹಟ ಹಿಡಿಯುತ್ತಾರೆ: "ಅಪ್ಪಾ, ನಮ್ಮ ಹಿತ್ತಿಲಲ್ಲೂ ಒಂದು ಮೀನಿನ ಕೊಳ ಮಾಡೋಣ."

ಕೊಳವೇನೋ ಆಗುತ್ತದೆ. ಮೊದಲ ವಾರ ಮನೆಮಂದಿಯೆಲ್ಲ ಅದರ ಸುತ್ತಲೇ. ಬಂದ ನೆಂಟರೂ ಒಂದು ಹಿಡಿ ಅನ್ನ ಹಾಕಿ ಸಂತೋಷಪಡುತ್ತಾರೆ. ಮೂರನೆಯ ವಾರದ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. ಮಗು ಅಳುತ್ತದೆ. "ನಮಗೆ ಆ ಕೈಗುಣ ಇಲ್ಲ ಬಿಡು" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಕೊಳ ಒಂದೋ ಮಣ್ಣು ಮುಚ್ಚಿಸಿಕೊಳ್ಳುತ್ತದೆ, ಇಲ್ಲವೇ ಸೊಳ್ಳೆಗಳ ತವರಾಗುತ್ತದೆ.

ಇದು ಕೈಗುಣದ ಮಾತಲ್ಲ. ತುಂಗೆಯಲ್ಲಿ ಮೀನು ತಿಂದು ಮಿಕ್ಕ ಮಂಡಕ್ಕಿಯನ್ನೂ ಮೀನಿನ ಮಲವನ್ನೂ ಹರಿಯುವ ಹೊಳೆ ಹೊತ್ತೊಯ್ಯುತ್ತದೆ. ಹಿತ್ತಿಲ ಕೊಳಕ್ಕೆ ಹೊಳೆಯಿಲ್ಲ. ಅಲ್ಲಿ ಬಿದ್ದದ್ದೆಲ್ಲ ಅಲ್ಲೇ ಉಳಿದು ಕೊಳೆಯುತ್ತದೆ. ಹೊಳೆ ಮಾಡುವ ಕೆಲಸವನ್ನು ಅಲ್ಲಿ ಮನೆಯವರೇ ಮಾಡಬೇಕು. ಆದ್ದರಿಂದ ಮೀನು ಸಾಕುವುದೆಂದರೆ ನಿಜವಾಗಿ ನೀರು ಸಾಕುವುದು. ನೀರು ಆರೋಗ್ಯವಾಗಿದ್ದರೆ ಮೀನು ಬಹುಮಟ್ಟಿಗೆ ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ನಸುಕಿನ ಅಪಾಯ

ಕೊಳದ ಮೀನುಗಳು ಸಾಮಾನ್ಯವಾಗಿ ಬೆಳಗಿನ ಜಾವವೇ ಏಕೆ ಸಾಯುತ್ತವೆ? ಉತ್ತರ ನಮ್ಮ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿಯೇ ಇದೆ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಂದು ಲೀಟರ್ ನೀರು ಗಾಳಿಯಿಂದ ಹೀರಿ ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. 20 ಡಿಗ್ರಿಯ ತಂಪು ನೀರಾದರೆ ಸುಮಾರು 9 ಮಿಲಿಗ್ರಾಂ. ಅಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಉಸಿರು ಕಡಿಮೆ. ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಮೀನುಗಳು ನೆಮ್ಮದಿಯಾಗಿರುತ್ತವೆ. 3ಕ್ಕಿಂತ ಕೆಳಗಿಳಿದರೆ ಬಹುಪಾಲು ಮೀನುಗಳಿಗೆ ಸಂಕಟ ಶುರು.

ಹಗಲಿನಲ್ಲಿ ನೀರಿನ ಪಾಚಿ ಮತ್ತು ಗಿಡಗಳು ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸುತ್ತ ಆಮ್ಲಜನಕವನ್ನು ಹೊರಬಿಡುತ್ತವೆ. ಹೈಡ್ರಿಲ್ಲಾ ಗಿಡವನ್ನು ಆಲಿಕೆಯ ಕೆಳಗಿಟ್ಟು ಪ್ರನಾಳದಲ್ಲಿ ಗುಳ್ಳೆ ಹಿಡಿಯುವ ಪ್ರಯೋಗ ನೆನಪಿದೆಯಲ್ಲವೇ? ಕೊಳದಲ್ಲಿ ನಡೆಯುವುದೂ ಅದೇ. ಆದರೆ ಕತ್ತಲಾದ ಮೇಲೆ ಈ ತಯಾರಿಕೆ ನಿಲ್ಲುತ್ತದೆ. ಉಸಿರಾಟ ಮಾತ್ರ ನಿಲ್ಲುವುದಿಲ್ಲ. ಮೀನು, ಪಾಚಿ, ಗಿಡ, ತಳದ ಕೊಳೆಯಲ್ಲಿರುವ ಬ್ಯಾಕ್ಟೀರಿಯಾ ಎಲ್ಲವೂ ಸೇರಿ ರಾತ್ರಿಯಿಡೀ ಆಮ್ಲಜನಕವನ್ನು ಖರ್ಚು ಮಾಡುತ್ತವೆ. ಸೂರ್ಯ ಹುಟ್ಟುವ ಮುನ್ನ ಅದು ಕನಿಷ್ಠ ಮಟ್ಟಕ್ಕೆ ಇಳಿದಿರುತ್ತದೆ. ನೀರು ಕಡುಹಸಿರಾಗಿ ಪಾಚಿಗಟ್ಟಿದ್ದರೆ, ತಳದಲ್ಲಿ ಎಲೆ, ಅನ್ನ ಕೊಳೆಯುತ್ತಿದ್ದರೆ, ಅಥವಾ ಎರಡು ಮೂರು ದಿನ ಮೋಡ ಮುಚ್ಚಿದ್ದರೆ ಅಪಾಯ ಇನ್ನೂ ಹೆಚ್ಚು.

ಉಸಿರು ಸಾಲದ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಡಿಯುತ್ತವೆ. ನೋಡಿದವರು "ಪಾಪ, ಹಸಿದಿವೆ" ಎಂದು ಮತ್ತಷ್ಟು ಆಹಾರ ಹಾಕುತ್ತಾರೆ. ಆ ಆಹಾರ ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ನುಂಗುತ್ತದೆ. ಬೆಳಗಿನ ಜಾವ ಮೀನುಗಳೆಲ್ಲ ಒಟ್ಟಾಗಿ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ, ಹತ್ತಿರ ಹೋದರೂ ಕೆಳಗಿಳಿಯದಿದ್ದರೆ, ಅದು ಹಸಿವಲ್ಲ, ಉಸಿರುಕಟ್ಟು. ಆಗ ಮಾಡಬೇಕಾದದ್ದು ಇಷ್ಟು: ಆಹಾರ ನಿಲ್ಲಿಸಿ. ಕೊಳದ್ದೇ ನೀರನ್ನು ಚೊಂಬಿನಲ್ಲೋ ಬಕೆಟ್ಟಿನಲ್ಲೋ ಎತ್ತಿ ಒಂದೆರಡು ಅಡಿ ಮೇಲಿನಿಂದ ಮತ್ತೆ ಮತ್ತೆ ಸುರಿಯಿರಿ. ಮೂರನೆಯ ಒಂದು ಭಾಗದಷ್ಟು ಹಳೆಯ ನೀರು ತೆಗೆದು ಕ್ಲೋರಿನ್ ಇಲ್ಲದ ಹೊಸ ನೀರು ತುಂಬಿ. ಚಿಕ್ಕ ಕಾರಂಜಿಯ ಪಂಪು ಇದ್ದರೆ ಅದನ್ನು ಹಗಲಿಗಿಂತ ರಾತ್ರಿ ಓಡಿಸುವುದು ಲೇಸು.

ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್ ತಿಂಗಳಲ್ಲಿ ಸಾವಿರಾರು ಮೀನುಗಳು ಸತ್ತು ದಡಕ್ಕೆ ಬಂದವು. ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ಕೆರೆ ದೊಡ್ಡದು, ಹಿತ್ತಿಲ ಕೊಳ ಚಿಕ್ಕದು. ಲೆಕ್ಕ ಮಾತ್ರ ಒಂದೇ.

ಕಣ್ಣಿಗೆ ಕಾಣದ ವಿಷ, ಕಣ್ಣಿಗೆ ಕಾಣದ ತೋಟಿ

ಕೊಳದ ಎರಡನೆಯ ಶತ್ರು ಅಮೋನಿಯಾ. ಮೀನು ತನ್ನ ದೇಹದ ಸಾರಜನಕದ ಕಸವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿಯೇ ನೀರಿಗೆ ಬಿಡುತ್ತದೆ. ಕೊಳೆತ ಆಹಾರದಿಂದಲೂ ಅದು ಹುಟ್ಟುತ್ತದೆ. ನೀರು ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ಅಮೋನಿಯಾ ತುಂಬಿದ್ದರೆ ಕಿವಿರುಗಳು ಸುಡುತ್ತವೆ.

ಪ್ರಕೃತಿ ಇದಕ್ಕೊಂದು ವ್ಯವಸ್ಥೆ ಮಾಡಿದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತ ಸೇರಿದರೆ ಮೀನಿನ ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಈ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಮೀನಿಗೆ ಅಷ್ಟಾಗಿ ಕೆಡುಕಲ್ಲ, ಗಿಡಗಳಿಗಂತೂ ಅದೇ ಗೊಬ್ಬರ.

ಈ ಉಪಕಾರಿ ಬ್ಯಾಕ್ಟೀರಿಯಾಗಳು ಕೊಳದ ಗೋಡೆ, ಕಲ್ಲು, ಜಲ್ಲಿ, ಗಿಡದ ಬೇರುಗಳ ಮೇಲೆ ಲೋಳೆಯಂತೆ ಅಂಟಿಕೊಂಡು ಬದುಕುತ್ತವೆ. ಸಾಕಷ್ಟು ಬೆಳೆಯಲು ಅವುಗಳಿಗೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹೊಸ ಕೊಳದಲ್ಲಿ ಎರಡು ಮೂರು ವಾರಕ್ಕೆ ಮೀನು ಸಾಯುವುದರ ಗುಟ್ಟು ಇಲ್ಲಿದೆ. ತೋಟಿಗಳು ಕೆಲಸಕ್ಕೆ ಬರುವ ಮುನ್ನವೇ ನಾವು ಊರು ತುಂಬಿಸಿಬಿಡುತ್ತೇವೆ! ಮೊದಲ ತಿಂಗಳು ಎರಡು ಮೂರು ಗಟ್ಟಿ ಮೀನುಗಳನ್ನು ಮಾತ್ರ ಬಿಟ್ಟು, ಅತಿ ಕಡಿಮೆ ಆಹಾರ ಹಾಕಿ ಕಾಯುವುದು ಜಾಣತನ. ಹಳೆಯ, ರೋಗವಿಲ್ಲದ ಕೊಳದ ನಾಲ್ಕಾರು ಕಲ್ಲುಗಳನ್ನು ತಂದು ಹಾಕಿದರೆ ಕೆಲಸ ಬೇಗ ಆಗುತ್ತದೆ.

ಇನ್ನೊಂದು ಮಾತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ, ಕೊಡಗಳನ್ನು ತಿಕ್ಕಿ ತೊಳೆಯುವುದು ನಮ್ಮ ಮನೆಗಳ ರೂಢಿ. ಅದೇ ಉತ್ಸಾಹದಲ್ಲಿ ಕೊಳವನ್ನೂ ಬರಿದು ಮಾಡಿ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಬೇಡಿ. ತೋಟಿಗಳೆಲ್ಲ ಸತ್ತು ಕೊಳ ಮತ್ತೆ ಮೊದಲ ದಿನಕ್ಕೆ ಮರಳುತ್ತದೆ. ತಳದ ಕೊಳೆಯನ್ನು ಆಗಾಗ ಪೈಪಿನಿಂದ ಹೀರಿ ತೆಗೆದರೆ ಸಾಕು.

ಕೊಳ ಎಲ್ಲಿ, ಹೇಗೆ?

ಹುಣಸೆ, ಮಾವಿನ ಮರದ ಕೆಳಗೆ ಕೊಳ ಬೇಡ. ಉದುರಿದ ಎಲೆಯೇ ಕೊಳೆಯುವ ಸರಕು. ದಿನಕ್ಕೆ ನಾಲ್ಕಾರು ಗಂಟೆ ಬಿಸಿಲು ಬೀಳಲಿ, ಮಧ್ಯಾಹ್ನದ ನಂತರ ನೆರಳಿರಲಿ. ಆಳ ಮೂರು ಅಡಿಗೆ ಕಡಿಮೆ ಬೇಡ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಒಂದಡಿ ನೀರು ಮಧ್ಯಾಹ್ನಕ್ಕೆ ಕಾದುಬಿಡುತ್ತದೆ. ಆಳವಿದ್ದರೆ ತಳದಲ್ಲಿ ತಂಪು ಉಳಿಯುತ್ತದೆ. ತಾವರೆ, ನೈದಿಲೆಯ ಎಲೆಗಳು ನೀರಿನ ಅರ್ಧದಷ್ಟನ್ನು ಮುಚ್ಚಿದರೆ ಪಾಚಿಯೂ ಹತೋಟಿಗೆ ಬರುತ್ತದೆ. ಅಂತರಗಂಗೆ, ಜಲಕುಂಭಿ ಮಾತ್ರ ಬೇಡ. ಅವು ಕೊಳವನ್ನಿಡೀ ಮುಚ್ಚಿ ಗಾಳಿ, ಬೆಳಕನ್ನು ತಡೆಯುತ್ತವೆ.

ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗೆ ಬಿಡುತ್ತಿರುತ್ತದೆ. ಆ ನೀರು ಮೀನಿನ ಮೈ, ಕಿವಿರುಗಳನ್ನು ಸುಡುವಷ್ಟು ಕ್ಷಾರ. ಕೊಳ ತುಂಬಿಸಿ ನಾಲ್ಕಾರು ದಿನ ಬಿಟ್ಟು ಖಾಲಿ ಮಾಡಿ. ಹೀಗೆ ಮೂರು ನಾಲ್ಕು ಬಾರಿ ಮಾಡಿ. ಶಾಲೆಯ ಪ್ರಯೋಗಾಲಯದ ಪಿಎಚ್ ಕಾಗದ ಅದ್ದಿ ನೋಡಿ. 6.5ರಿಂದ 8.5ರ ಒಳಗಿದ್ದರೆ ಮೀನು ಬಿಡಬಹುದು.

ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ನಮ್ಮನ್ನು ರೋಗದಿಂದ ಕಾಯುತ್ತದೆ, ಮೀನನ್ನು ಕೊಲ್ಲುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟ ನಂತರ ಬಳಸಿ. ಕೊಳವೆ ಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಅದನ್ನು ಮೇಲಿನಿಂದ ಧುಮುಕಿಸಿ ತುಂಬಬೇಕು.

ಮಲೆನಾಡು, ಕರಾವಳಿಯ ಅಡಿಕೆ ತೋಟದವರಿಗೆ ಒಂದು ವಿಶೇಷ ಎಚ್ಚರಿಕೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ. ಅದರ ತಾಮ್ರ ಮೀನಿಗೆ ಘೋರ ವಿಷ. ಸಿಂಪಡಣೆಯ ದಿನ ಕೊಳವನ್ನು ಟಾರ್ಪಾಲಿನಿಂದ ಮುಚ್ಚಿ. ತೋಟದಿಂದ ಹರಿದ ನೀರು ಕೊಳಕ್ಕೆ ಇಳಿಯದಂತೆ ಸುತ್ತ ಬದು ಕಟ್ಟಿ.

ಎಷ್ಟು ಮೀನು? ಲೆಕ್ಕ ಹಾಕಿ

ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳದ ಕೊಳವನ್ನೇ ತೆಗೆದುಕೊಳ್ಳಿ. ಗಾತ್ರ 180 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರಿನಂತೆ ಸುಮಾರು 5,100 ಲೀಟರ್ ನೀರು. ಆದರೆ ಗಾಳಿ ನೀರಿಗೆ ಸೇರುವುದು ಮೇಲ್ಮೈಯಿಂದ. ಆದ್ದರಿಂದ ಮೀನಿನ ಲೆಕ್ಕವನ್ನು ಮೇಲ್ಮೈಯ ವಿಸ್ತೀರ್ಣದಿಂದ ಹಾಕುವುದು ಕ್ಷೇಮ. ಒಂದು ಚದರ ಅಡಿಗೆ ಒಂದು ಅಂಗುಲ ಮೀನು ಎಂಬುದು ಅಲಂಕಾರಿಕ ಕೊಳಗಳಿಗೆ ರೂಢಿಯಲ್ಲಿರುವ ಸೂತ್ರ. ಈ ಕೊಳದ ಮೇಲ್ಮೈ 60 ಚದರ ಅಡಿ, ಎಂದರೆ 60 ಅಂಗುಲ ಮೀನು. ಬೆಳೆದ ಬಂಗಾರದ ಮೀನು 6 ಅಂಗುಲ ಎಂದಿಟ್ಟುಕೊಂಡರೆ ಹತ್ತು ಮೀನಿಗೆ ಮಾತ್ರ ಜಾಗ. ಅಂಗಡಿಯಲ್ಲಿ ಎರಡು ಅಂಗುಲದ ಮರಿ ನೋಡಿ ಮೂವತ್ತು ತಂದರೆ, ಅವು ಬೆಳೆದಂತೆ ಕೊಳ ಕಿರಿದಾಗುತ್ತದೆ.

ಕಾಟ್ಲಾ, ರೋಹು, ಮೃಗಾಲ್ ಬೆಳೆಸುವ ಆಸೆ ಕೆಲವರಿಗೆ. ಹೊಲದ ಹೊಂಡಗಳಲ್ಲಿ ಹೆಕ್ಟೇರಿಗೆ ಸುಮಾರು 5,000 ಮರಿ ಬಿಡುವುದು ರೂಢಿ. ಅಂದರೆ ಎರಡು ಚದರ ಮೀಟರಿಗೆ ಒಂದು. ಆ ಲೆಕ್ಕದಲ್ಲಿ ನಮ್ಮ ಹಿತ್ತಿಲ ಕೊಳಕ್ಕೆ ಮೂರು ಮೀನೂ ಹೆಚ್ಚೇ. ಆ ಮೀನುಗಳು ಕೆರೆಗೆ, ಕೃಷಿ ಹೊಂಡಕ್ಕೆ ಸರಿ. ಹಿತ್ತಿಲಿಗೆ ಚಿಕ್ಕ ಮೀನುಗಳೇ ಚೆಂದ.

ಅತಿಯಾದರೆ ಅಮೃತವೂ ವಿಷ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನುಗಳ ಬಗೆಗಳನ್ನೂ ಅವುಗಳಿಗೆ ಹಾಕುವ ಆಹಾರವನ್ನೂ ಅದು ವಿವರಿಸುತ್ತದೆ. ಮೀನಿಗೆ ಉಣಿಸುವ ಸಂತೋಷ ನಮ್ಮ ನಾಡಿನಲ್ಲಿ ಅಷ್ಟು ಹಳೆಯದು. ಆದರೆ ಹಿತ್ತಿಲ ಕೊಳದಲ್ಲಿ ಹಸಿವಿನಿಂದ ಸತ್ತ ಮೀನಿಗಿಂತ ನಮ್ಮ ಧಾರಾಳತನದಿಂದ ಸತ್ತ ಮೀನೇ ಹೆಚ್ಚು.

ಮೀನು ತಣ್ಣನೆಯ ರಕ್ತದ ಪ್ರಾಣಿ. ಮೈ ಬಿಸಿಯಾಗಿಡಲು ಅದಕ್ಕೆ ಆಹಾರ ಖರ್ಚಾಗುವುದಿಲ್ಲ. ದಿನಕ್ಕೆ ಒಂದು ಬಾರಿ, ಹೆಚ್ಚೆಂದರೆ ಎರಡು ಬಾರಿ, ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ. ಬೆಳೆದ ಮೀನುಗಳಿಗೆ ವಾರಕ್ಕೊಂದು ಉಪವಾಸ ಒಳ್ಳೆಯದೇ. ಅನ್ನ, ಬ್ರೆಡ್ಡು, ದೋಸೆ ಚೂರು ಬೇಡ. ಅಂಗಡಿಯ ಆಹಾರವಿಲ್ಲದಿದ್ದರೆ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮವಾಗಿ ಕಲಸಿ ಚಿಕ್ಕ ಉಂಡೆ ಮಾಡಿ ಹಾಕಬಹುದು. ಮೀನು ಸಾಕುವ ರೈತರು ಬಳಸುವುದೂ ಇದನ್ನೇ. ಊರಿಗೆ ಹೋಗುವಾಗ ನಾಲ್ಕು ದಿನದ ಆಹಾರವನ್ನು ಒಟ್ಟಿಗೆ ಸುರಿದು ಹೋಗುವುದಕ್ಕಿಂತ ಏನೂ ಹಾಕದೆ ಹೋಗುವುದೇ ಮೇಲು.

ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರು ಬದಲಿಸಿ. ಮೇಲಿನ ಕೊಳಕ್ಕೆ ಅದು ಸುಮಾರು 500 ಲೀಟರ್, ಅಂದರೆ 15 ಲೀಟರಿನ 34 ಬಕೆಟ್. ಚರಂಡಿಗೆ ಚೆಲ್ಲಬೇಡಿ. ನೈಟ್ರೇಟ್ ತುಂಬಿದ ಈ ನೀರು ತೆಂಗಿನ ಬುಡಕ್ಕೆ, ಮಲ್ಲಿಗೆ ಬಳ್ಳಿಗೆ ಪುಕ್ಕಟೆ ಗೊಬ್ಬರ.

ಸೊಳ್ಳೆಯ ಶತ್ರು, ಕೆರೆಯ ಶತ್ರು

ಡೆಂಗಿ ಜ್ವರ ಹರಡುವ ಸೊಳ್ಳೆಯ ಮೊಟ್ಟೆ ಬೆಚ್ಚನೆಯ ನಿಂತ ನೀರಿನಲ್ಲಿ ಒಂದೆರಡು ವಾರದೊಳಗೆ ಸೊಳ್ಳೆಯಾಗಿ ಹಾರುತ್ತದೆ. ಮೀನಿಲ್ಲದ ಕೊಳ ಇಡೀ ಬೀದಿಗೆ ಕಂಟಕ. ಗಪ್ಪಿಯಂಥ ಪುಟ್ಟ ಮೀನುಗಳಿದ್ದರೆ ಸೊಳ್ಳೆಯ ಮರಿಗಳಿಗೆ ಉಳಿಗಾಲವಿಲ್ಲ. ಹಾಗೆಂದು ಕೊಳದ ಪಕ್ಕದ ಹಳೆಯ ಟೈರು, ಹೂಕುಂಡದ ತಟ್ಟೆ, ತೆಂಗಿನ ಚಿಪ್ಪನ್ನು ಮರೆಯಬೇಡಿ. ಅಲ್ಲಿಗೆ ಗಪ್ಪಿ ಹೋಗಲಾರದು.

ಸೊಳ್ಳೆ ನಿಯಂತ್ರಣಕ್ಕೆಂದೇ 1928ರಲ್ಲಿ ಇಟಲಿಯಿಂದ ಭಾರತಕ್ಕೆ ಗ್ಯಾಂಬೂಸಿಯಾ ಮೀನನ್ನು ತರಲಾಯಿತು. ಒಂದೊಂದು ಮೀನು ದಿನಕ್ಕೆ 100ರಿಂದ 300 ಸೊಳ್ಳೆಮರಿಗಳನ್ನು ತಿನ್ನಬಲ್ಲದು. ಆದರೆ ಅದೇ ಮೀನು ಕೆರೆ, ಹಳ್ಳ ಸೇರಿದಲ್ಲಿ ಅಲ್ಲಿನ ಮೂಲ ಮೀನುಗಳ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಸರ್ಕಾರ 2000ದಲ್ಲಿ ನಿಷೇಧಿಸಿದ್ದೂ ಇಂಥದೇ ಭಯದಿಂದ.

ಗಪ್ಪಿ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ, ಅದೂ ಸುಮಾರು ತಿಂಗಳಿಗೊಮ್ಮೆ. ಕೆಲವೇ ತಿಂಗಳಲ್ಲಿ ಕೊಳ ತುಂಬುತ್ತದೆ. ಆಗ "ಪಾಪ, ಕೆರೆಗೆ ಬಿಟ್ಟುಬಿಡೋಣ" ಎನಿಸುವುದು ಸಹಜ. ದಯವಿಟ್ಟು ಬಿಡಬೇಡಿ. ಅದು ಮೀನಿಗೆ ತೋರುವ ಕರುಣೆಯಂತೆ ಕಂಡರೂ ಕೆರೆಗೆ ಮಾಡುವ ಅನ್ಯಾಯ. ಹೆಚ್ಚಾದ ಮೀನನ್ನು ಗೆಳೆಯರಿಗೆ ಕೊಡಿ, ಅಂಗಡಿಗೆ ಮರಳಿಸಿ. ಗಪ್ಪಿಯ ಜತೆ ಬಂಗಾರದ ಮೀನುಗಳಿದ್ದರೆ ಮರಿಗಳ ಸಂಖ್ಯೆ ತಾನಾಗಿ ಹತೋಟಿಯಲ್ಲಿರುತ್ತದೆ. ಹಾಗೆಯೇ ಘಟ್ಟದ ಹಳ್ಳಗಳಿಂದ ಚೆಂದದ ಮೀನು ಹಿಡಿದು ತರುವುದೂ ಬೇಡ. ಕೇರಳ, ಕರ್ನಾಟಕದ ಹೊಳೆಗಳ ಕೆಂಪು ಗೆರೆಯ 'ಮಿಸ್ ಕೇರಳ' ಮೀನು ಅಲಂಕಾರಕ್ಕಾಗಿ ಹಿಡಿದು ಹಿಡಿದು ಅಳಿವಿನಂಚಿಗೆ ಬಂದಿದೆ.

ಹೊಸ ಮೀನು ಬಂದಾಗ

ಹೊಸ ಮೀನನ್ನು ನೇರವಾಗಿ ಕೊಳಕ್ಕೆ ಸುರಿಯಬೇಡಿ. ಚೀಲವನ್ನು 15-20 ನಿಮಿಷ ನೀರಿನ ಮೇಲೆ ತೇಲಿಬಿಟ್ಟರೆ ಬಿಸಿ ಸಮನಾಗುತ್ತದೆ. ಬೇರೆ ತೊಟ್ಟಿಯಲ್ಲಿ ಎರಡು ವಾರ ಇಟ್ಟು ನೋಡಿದ ಮೇಲೆ ಉಳಿದವುಗಳ ಜತೆ ಸೇರಿಸಿ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ, ರೆಕ್ಕೆ ಮುದುಡುವುದು, ಕಲ್ಲಿಗೆ ಮೈ ಉಜ್ಜುವುದು ರೋಗದ ಗುರುತುಗಳು. ಅಂಥ ಮೀನನ್ನು ಬೇರೆ ತೊಟ್ಟಿಗೆ ತೆಗೆದು, ಲೀಟರಿಗೆ ಸುಮಾರು 3 ಗ್ರಾಂನಂತೆ ಕಲ್ಲುಪ್ಪು ಕರಗಿಸಿದ ನೀರಿನಲ್ಲಿ ಇಡಬಹುದು. ಕೊಳಕ್ಕೇ ಉಪ್ಪು ಸುರಿದರೆ ಗಿಡಗಳು ಸಾಯುತ್ತವೆ. ಔಷಧಕ್ಕೆ ಮೊದಲು ನೀರನ್ನು ಪರೀಕ್ಷಿಸಿ. ಬಹಳಷ್ಟು ಸಲ ರೋಗದ ಬೇರು ನೀರಿನಲ್ಲೇ ಇರುತ್ತದೆ.

ಪಾಲಕರೇ, ಇದನ್ನು ಮೊದಲು ಮಾಡಿ

ಅಂಬೆಗಾಲಿಡುವ ಮಗು ಕೆಲವೇ ಅಂಗುಲ ನೀರಿನಲ್ಲೂ ಮುಳುಗಬಹುದು. ಅದು ಸದ್ದಿಲ್ಲದೆ ಆಗಿಹೋಗುವ ಅನಾಹುತ. ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಮೀನು ತರುವ ಮುನ್ನವೇ ಕೊಳದ ಮೇಲೆ ಮಗುವಿನ ಭಾರ ತಡೆಯುವ ಕಬ್ಬಿಣದ ಜಾಲರಿ ಹಾಕಿಸಿ. ಮಿಂಚುಳ್ಳಿ, ಕೊಕ್ಕರೆ, ಬೆಕ್ಕುಗಳಿಂದ ಮೀನನ್ನೂ ಅದೇ ಜಾಲರಿ ಕಾಯುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡಗಳ ಅಂಚು ವಿಪರೀತ ಜಾರುತ್ತದೆ, ಬಿದ್ದವರು ಹತ್ತಿಬರುವುದು ಕಷ್ಟ. ಅಲ್ಲಿ ಬೇಲಿಯೂ, ಹಿಡಿದು ಹತ್ತಲು ಗಂಟು ಹಾಕಿದ ಹಗ್ಗವೂ ಇರಲೇಬೇಕು. ಪಂಪಿನ ವಿದ್ಯುತ್ ಸಂಪರ್ಕವನ್ನು ಬಲ್ಲವರಿಂದ ಮಾಡಿಸಿ. ಪ್ಲಗ್ ತೆಗೆಯದೆ ಯಾರೂ ನೀರಿಗೆ ಕೈ ಹಾಕದಿರಲಿ.

ವಿದ್ಯಾರ್ಥಿಗಳ ನೋಟ್ ಪುಸ್ತಕ

ಮಕ್ಕಳೇ, ಕೊಳ ನಿಮ್ಮ ಮನೆಯ ಪ್ರಯೋಗಾಲಯವೂ ಹೌದು. ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ನಸುಕಿನ ಮತ್ತು ಮಧ್ಯಾಹ್ನದ ನೀರಿನ ಉಷ್ಣತೆ, ನೀರಿನ ಬಣ್ಣ, ಹಾಕಿದ ಆಹಾರ, ಮೀನುಗಳ ನಡತೆ ಬರೆದಿಡಿ. ಹಳೆಯ ತಟ್ಟೆಯೊಂದಕ್ಕೆ ಕಪ್ಪು ಬಿಳಿ ಬಣ್ಣ ಬಳಿದು ದಾರ ಕಟ್ಟಿ ನೀರಿಗಿಳಿಸಿ, ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ಅಳೆಯಿರಿ. ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದ ನೀರಿನ ತಿಳಿಯನ್ನು ಅಳೆದದ್ದು ಇಂಥ ತಟ್ಟೆಯಿಂದಲೇ. ತಟ್ಟೆ ಒಂದಡಿಗೂ ಮೊದಲೇ ಹಸಿರು ನೀರಿನಲ್ಲಿ ಮಾಯವಾದರೆ ಪಾಚಿ ಮಿತಿಮೀರುತ್ತಿದೆ ಎಂದು ತಿಳಿದು ಆಹಾರ ಇಳಿಸಿ, ನೀರು ಬದಲಿಸಿ.

ಈ ಆಸಕ್ತಿ ಮುಂದೆ ಓದಿನ ದಾರಿಯೂ ಆಗಬಹುದು. ದೇಶದ ಮೊಟ್ಟಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ನಮ್ಮ ಮಂಗಳೂರಿನಲ್ಲಿ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಅಲ್ಲಿ ನಾಲ್ಕು ವರ್ಷದ ಪದವಿ ಇದೆ.

ಅಷ್ಟು ದೂರ ಹೋಗದಿದ್ದರೂ ಚಿಂತೆಯಿಲ್ಲ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮುನ್ನ ಐದು ನಿಮಿಷ ಕೊಳದ ಬಳಿ ಸುಮ್ಮನೆ ನಿಂತು ನೋಡಿ. ಮೀನುಗಳು ತಳದಲ್ಲಿ ನೆಮ್ಮದಿಯಾಗಿ ಸುಳಿದಾಡುತ್ತಿದ್ದರೆ ನೀರು ಚೆನ್ನಾಗಿದೆ ಎಂದರ್ಥ. ಹಾಗಿದ್ದ ದಿನ ಕೈಯಲ್ಲಿರುವ ಆಹಾರದಲ್ಲಿ ಅರ್ಧವನ್ನು ಡಬ್ಬಿಗೆ ವಾಪಸು ಹಾಕಿ, ನಿಶ್ಚಿಂತೆಯಿಂದ ಶಾಲೆಗೆ ಹೊರಡಿ.